ರೊನಾಲ್ಡ್ ರಾಸ್

ಸರ್ ರೊನಾಲ್ಡ್ ರಾಸ್ (13 ಮೇ 1857 – 16 ಸೆಪ್ಟೆಂಬರ್ 1932) ಭಾರತದಲ್ಲಿ ಜನಿಸಿದ ಬ್ರಿಟಿಷ್ ವೈದ್ಯ, ಸಂಶೋಧಕ ಹಾಗೂ ಲೇಖಕ. ಮಲೇರಿಯಾ ರೋಗಾಣುವು ಸೊಳ್ಳೆಯ ದೇಹದಲ್ಲಿ ಬೆಳೆಯುತ್ತದೆ ಎಂಬುದನ್ನು ಇವರು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದರು. ಈ ಕಾರ್ಯಕ್ಕಾಗಿ 1902ರಲ್ಲಿ ಇವರಿಗೆ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ರಾಸ್ ಅವರ ಹೆಸರು ಸಾಮಾನ್ಯವಾಗಿ ಈ ಒಂದು ಸಂಶೋಧನೆಯೊಂದಿಗೆ ತಳುಕು ಹಾಕಿಕೊಂಡಿದೆ. ಆದರೆ ಅದರ ನಂತರದ ಮೂರು ದಶಕಗಳ ಬಹುಭಾಗವನ್ನು ಅವರು ಸೊಳ್ಳೆ ನಿಯಂತ್ರಣದ ಕೆಲಸಕ್ಕೆ ಮೀಸಲಿಟ್ಟರು. ತೊಟ್ಟಿ ಬರಿದು ಮಾಡುವುದು, ಹೊಂಡ ಮುಚ್ಚುವುದು, ನಿಂತ ನೀರಿಗೆ ಎಣ್ಣೆ ಹಾಕುವುದು, ರೋಗಿಗಳ ಸಂಖ್ಯೆಯನ್ನು ಲೆಕ್ಕವಿಡುವುದು ಮುಂತಾದ ಸರಳ ಕೆಲಸಗಳನ್ನು ಒಂದೂರಿನವರಿಂದ ಇನ್ನೊಂದೂರಿನವರು ಕಲಿಯಬಹುದಾದ ಕ್ರಮಬದ್ಧ ವಿದ್ಯೆಯನ್ನಾಗಿ ರೂಪಿಸಿದವರಲ್ಲಿ ಇವರು ಪ್ರಮುಖರು.

ಬಾಲ್ಯ ಮತ್ತು ಶಿಕ್ಷಣ

ರಾಸ್ ಅವರು ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ ಜನಿಸಿದರು. ತಂದೆ ಕ್ಯಾಂಪ್‌ಬೆಲ್ ರಾಸ್ ಭಾರತದ ಬ್ರಿಟಿಷ್ ಸೇನೆಯಲ್ಲಿ ಅಧಿಕಾರಿಯಾಗಿದ್ದರು, ತಾಯಿ ಮಟಿಲ್ಡಾ. ಹತ್ತು ಮಂದಿ ಮಕ್ಕಳಲ್ಲಿ ರೊನಾಲ್ಡ್ ಹಿರಿಯರು. ಎಂಟನೆಯ ವಯಸ್ಸಿನಲ್ಲಿ ಇವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಅಲ್ಲಿ ಬಂಧುಗಳ ಆಶ್ರಯದಲ್ಲಿ ಬೆಳೆದರು. ಕಾವ್ಯ, ಸಂಗೀತ ಮತ್ತು ಗಣಿತ ಇವರ ಆಸಕ್ತಿಯ ವಿಷಯಗಳಾಗಿದ್ದವು. ವೈದ್ಯವೃತ್ತಿಯಲ್ಲಿ ಒಲವಿರಲಿಲ್ಲವಾದರೂ ತಂದೆಯ ಇಚ್ಛೆಯಂತೆ 1874ರಲ್ಲಿ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ವೈದ್ಯಕೀಯ ಶಾಲೆಯನ್ನು ಸೇರಿದರು. ವ್ಯಾಸಂಗದ ನಂತರ ಕೆಲಕಾಲ ಹಡಗಿನ ವೈದ್ಯರಾಗಿದ್ದು, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿ ಮದರಾಸು ಪ್ರಾಂತ್ಯಕ್ಕೆ ನಿಯುಕ್ತರಾದರು.

ಸೇವೆಯ ಮೊದಲ ವರ್ಷಗಳಲ್ಲಿ ಇವರ ಬಿಡುವಿನ ವೇಳೆಯೆಲ್ಲ ಕಾದಂಬರಿ, ಕವಿತೆ, ಗಣಿತಾಭ್ಯಾಸಗಳಲ್ಲಿ ಕಳೆಯುತ್ತಿತ್ತು. 1888ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಡಿಪ್ಲೊಮಾ ಪಡೆದರು ಮತ್ತು ಬ್ಯಾಕ್ಟೀರಿಯಾ ಶಾಸ್ತ್ರದ ತರಬೇತಿಯನ್ನೂ ಮುಗಿಸಿದರು. 1889ರಲ್ಲಿ ರೋಸಾ ಬ್ಲಾಕ್ಸಮ್ ಅವರನ್ನು ವಿವಾಹವಾದರು. ದಂಪತಿಗಳಿಗೆ ನಾಲ್ವರು ಮಕ್ಕಳು.

ಬೆಂಗಳೂರಿನೊಂದಿಗಿನ ನಂಟು

1883ರಲ್ಲಿ ರಾಸ್ ಅವರು ಬೆಂಗಳೂರಿನ ದಂಡುಪ್ರದೇಶದಲ್ಲಿ ಸೇನಾ ವೈದ್ಯರಾಗಿದ್ದರು. ತಾವು ವಾಸವಿದ್ದ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿದ್ದುದರಿಂದ ಅದರ ಕಾರಣವನ್ನು ಹುಡುಕತೊಡಗಿದರು. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯೊಂದರಲ್ಲಿ ಸೊಳ್ಳೆಯ ಮರಿಗಳು ಓಡಾಡುತ್ತಿರುವುದು ಕಂಡುಬಂದಿತು. ತೊಟ್ಟಿಯನ್ನು ಬೋರಲು ಹಾಕಿಸಿದ ಮೇಲೆ ಕೋಣೆಯಲ್ಲಿ ಸೊಳ್ಳೆಗಳು ಬಹಳ ಮಟ್ಟಿಗೆ ಕಡಿಮೆಯಾದವು. ಸುತ್ತಮುತ್ತಲಿನ ಇತರ ಪಾತ್ರೆಗಳನ್ನೂ ಹೀಗೆಯೇ ಬರಿದು ಮಾಡಿಸಬೇಕೆಂಬ ಇವರ ಸಲಹೆಯನ್ನು ಮೇಲಿನ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ಸಂಬಂಧ ಆಗ ಯಾರಿಗೂ ತಿಳಿದಿರಲಿಲ್ಲ. ಆದರೂ ನೀರಿನ ಆಸರೆಯನ್ನು ತಪ್ಪಿಸಿದರೆ ಸೊಳ್ಳೆಗಳನ್ನು ತಗ್ಗಿಸಬಹುದೆಂಬ ಅನುಭವ ಇವರಿಗೆ ಆದದ್ದು ಇಲ್ಲಿಯೇ.

1895ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಕಾಲರಾ ಹರಡಿದಾಗ ಅದರ ನಿಯಂತ್ರಣಕ್ಕಾಗಿ ಇವರನ್ನು ಮತ್ತೆ ಅಲ್ಲಿಗೆ ವರ್ಗಾಯಿಸಲಾಯಿತು. ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ನಿನ ಬಾವಿಗಳು, ಚರಂಡಿಗಳು ಹಾಗೂ ಕೇರಿಗಳ ಸ್ಥಿತಿಗತಿಯನ್ನು ಪರಿಶೀಲಿಸಿ, ಕಾಲರಾ ಮತ್ತು ನೈರ್ಮಲ್ಯ ವ್ಯವಸ್ಥೆಯ ಕುರಿತು ವಿಸ್ತೃತ ವರದಿಯನ್ನು ಬರೆದರು. ಪಟ್ಟಣವೊಂದರ ನೈರ್ಮಲ್ಯವನ್ನು ನಿರ್ವಹಿಸಲು ಬೇಕಾಗುವ ಕೆಲಸಗಾರರು, ಮೇಲ್ವಿಚಾರಣೆ ಮತ್ತು ಹಣದ ಪ್ರಶ್ನೆಗಳನ್ನು ಇವರು ಹತ್ತಿರದಿಂದ ಅರಿತದ್ದು ಈ ಅವಧಿಯಲ್ಲಿ.

ಪ್ಯಾಟ್ರಿಕ್ ಮ್ಯಾನ್ಸನ್ ಅವರ ಮಾರ್ಗದರ್ಶನ

ಫ್ರೆಂಚ್ ಸೇನಾ ವೈದ್ಯ ಅಲ್ಫಾನ್ಸ್ ಲಾವೆರಾನ್ ಅವರು 1880ರಲ್ಲಿ ಅಲ್ಜೀರಿಯಾದಲ್ಲಿ ಮಲೇರಿಯಾ ರೋಗಿಗಳ ರಕ್ತದಲ್ಲಿ ಸೂಕ್ಷ್ಮ ಪರಾವಲಂಬಿಯನ್ನು ಕಂಡುಹಿಡಿದಿದ್ದರು. ಅದು ಒಬ್ಬರಿಂದ ಇನ್ನೊಬ್ಬರಿಗೆ ತಲುಪುವ ಬಗೆ ಮಾತ್ರ ನಿಗೂಢವಾಗಿತ್ತು. ರಾಸ್ ಅವರು ಮೊದಲಿಗೆ ಈ ಪರಾವಲಂಬಿಯ ಅಸ್ತಿತ್ವವನ್ನೇ ಸಂಶಯಿಸಿದ್ದರು. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವರು ಸೂಕ್ಷ್ಮದರ್ಶಕದ ಕೆಳಗೆ ಅದನ್ನು ತೋರಿಸಿದ ಮೇಲೆ ಆ ಸಂಶಯ ನೀಗಿತು. ಆನೆಕಾಲು ರೋಗಕ್ಕೆ ಕಾರಣವಾದ ಫೈಲೇರಿಯಾ ಹುಳುಗಳು ಸೊಳ್ಳೆಯ ದೇಹದಲ್ಲಿ ಬೆಳೆಯುತ್ತವೆ ಎಂಬುದನ್ನು ಮ್ಯಾನ್ಸನ್ ಅವರು ಚೀನಾದಲ್ಲಿದ್ದಾಗ ಕಂಡುಕೊಂಡಿದ್ದರು. ಮಲೇರಿಯಾದ ವಿಷಯದಲ್ಲಿಯೂ ಸೊಳ್ಳೆಯ ಪಾತ್ರವಿರಬಹುದೆಂಬುದು ಅವರ ಊಹೆಯಾಗಿತ್ತು. ಆದರೆ ಸೊಳ್ಳೆ ಸತ್ತು ಬಿದ್ದ ನೀರನ್ನು ಕುಡಿಯುವುದರಿಂದ ರೋಗ ಬರುತ್ತದೆ ಎಂದು ಅವರು ಭಾವಿಸಿದ್ದರು.

1895ರಲ್ಲಿ ಭಾರತಕ್ಕೆ ಮರಳಿದ ರಾಸ್ ಅವರು ಈ ಊಹೆಯನ್ನು ಪರೀಕ್ಷಿಸತೊಡಗಿದರು. ಮುಂದಿನ ನಾಲ್ಕು ವರ್ಷಗಳ ಕಾಲ ಇಬ್ಬರ ನಡುವೆ ನೂರಕ್ಕೂ ಹೆಚ್ಚು ಪತ್ರಗಳು ವಿನಿಮಯಗೊಂಡವು. ಪ್ರತಿಯೊಂದು ಪ್ರಯೋಗದ ವಿವರ, ವಿಫಲತೆ ಮತ್ತು ಸಂದೇಹಗಳನ್ನು ರಾಸ್ ಅವರು ಬರೆದು ತಿಳಿಸುತ್ತಿದ್ದರು. ಮ್ಯಾನ್ಸನ್ ಅವರು ಲಂಡನ್ನಿನಿಂದ ಸಲಹೆಗಳನ್ನು ಕಳುಹಿಸುತ್ತಿದ್ದರು. ಸುಸಜ್ಜಿತ ಪ್ರಯೋಗಾಲಯವಾಗಲಿ, ಕೀಟಶಾಸ್ತ್ರದ ಗ್ರಂಥಗಳಾಗಲಿ ಇಲ್ಲದ ಸೇನಾ ಆಸ್ಪತ್ರೆಯಲ್ಲಿ ಒಂಟಿಯಾಗಿ ದುಡಿಯುತ್ತಿದ್ದ ರಾಸ್ ಅವರಿಗೆ ಈ ಪತ್ರವ್ಯವಹಾರವೇ ಮುಖ್ಯ ಆಧಾರವಾಗಿತ್ತು.

ಸಿಕಂದರಾಬಾದ್ ಮತ್ತು ಕಲ್ಕತ್ತಾ

ಎರಡು ವರ್ಷಗಳ ಕಾಲ ಪರೀಕ್ಷಿಸಿದ ಬೂದು ಮತ್ತು ಪಟ್ಟೆಗಳುಳ್ಳ ಸೊಳ್ಳೆಗಳಲ್ಲಿ ಪರಾವಲಂಬಿಯ ಬೆಳವಣಿಗೆ ಕಾಣಿಸಲಿಲ್ಲ. 1897ರ ಬೇಸಿಗೆಯಲ್ಲಿ ಊಟಿಗೆ ಹೋಗಿದ್ದಾಗ ಸಿಗೂರು ಘಟ್ಟದ ಪ್ರದೇಶದಲ್ಲಿ ಇವರಿಗೇ ಮಲೇರಿಯಾ ತಗುಲಿತು. ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ಸಿಕಂದರಾಬಾದಿನ ಬೇಗಂಪೇಟೆಯ ಆಸ್ಪತ್ರೆಯಲ್ಲಿ, ರೆಕ್ಕೆಗಳ ಮೇಲೆ ಚುಕ್ಕೆಗಳಿದ್ದ ಬೇರೊಂದು ಜಾತಿಯ ಸೊಳ್ಳೆಗಳನ್ನು ಮರಿಗಳಿಂದ ಬೆಳೆಸಿ, ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯನ್ನು ಕಚ್ಚುವಂತೆ ಮಾಡಿದರು. ಇದಕ್ಕಾಗಿ ರೋಗಿಗೆ ಹಣ ನೀಡಲಾಯಿತು. ಆಗಸ್ಟ್ 20ರಂದು ಅಂತಹ ಸೊಳ್ಳೆಯೊಂದರ ಜಠರದ ಗೋಡೆಯಲ್ಲಿ, ಮಲೇರಿಯಾ ಪರಾವಲಂಬಿಯಲ್ಲಿ ಮಾತ್ರ ಕಂಡುಬರುವಂತಹ ಕಪ್ಪು ವರ್ಣಕಣಗಳುಳ್ಳ ಕೋಶಗಳು ಕಾಣಿಸಿದವು. ಮರುದಿನ ಪರೀಕ್ಷಿಸಿದ ಸೊಳ್ಳೆಯಲ್ಲಿ ಅವು ಇನ್ನಷ್ಟು ಬೆಳೆದಿದ್ದವು. ಈ ಸೊಳ್ಳೆಗಳು ಅನಾಫಿಲಿಸ್ ಕುಲಕ್ಕೆ ಸೇರಿದವೆಂದು ಮುಂದೆ ಗುರುತಿಸಲಾಯಿತು. ಈ ಕುರಿತ ಲೇಖನವು 1897ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇದರ ಬೆನ್ನಲ್ಲೇ ರಾಸ್ ಅವರನ್ನು ರಾಜಪುತಾನಾದ ಖೇರ್ವಾಡಾಕ್ಕೆ ವರ್ಗಾಯಿಸಿದ್ದರಿಂದ ಕೆಲಸ ಕುಂಠಿತವಾಯಿತು. ಮ್ಯಾನ್ಸನ್ ಅವರ ಪ್ರಯತ್ನದ ಫಲವಾಗಿ 1898ರಲ್ಲಿ ಕಲ್ಕತ್ತಾದಲ್ಲಿ ಸಂಶೋಧನೆ ನಡೆಸಲು ಅವಕಾಶ ದೊರೆಯಿತು. ಅಲ್ಲಿ ಮಾನವ ಮಲೇರಿಯಾದ ರೋಗಿಗಳು ಸಾಕಷ್ಟು ಸಿಗದ ಕಾರಣ ಪಕ್ಷಿಗಳ ಮಲೇರಿಯಾವನ್ನು ಅಭ್ಯಾಸಕ್ಕೆ ಆರಿಸಿಕೊಂಡರು. ಮಹಮ್ಮದ್ ಬಕ್ಷ್ ಎಂಬ ಸಹಾಯಕರು ಈ ಕೆಲಸದಲ್ಲಿ ನೆರವಾದರು. 1898ರ ಜುಲೈ ತಿಂಗಳಲ್ಲಿ ಪರಾವಲಂಬಿಯು ಸೊಳ್ಳೆಯ ಜಠರದಿಂದ ಜೊಲ್ಲುಗ್ರಂಥಿಗೆ ಸೇರುವುದನ್ನೂ, ಅಂತಹ ಸೊಳ್ಳೆ ಕಚ್ಚಿದಾಗ ಆರೋಗ್ಯವಂತ ಪಕ್ಷಿಗೆ ರೋಗ ತಗುಲುವುದನ್ನೂ ಇವರು ಸಿದ್ಧಪಡಿಸಿದರು. ರೋಗ ಬರುವುದು ಕುಡಿಯುವ ನೀರಿನಿಂದಲ್ಲ, ಸೊಳ್ಳೆಯ ಕಡಿತದಿಂದ ಎಂಬುದು ಇದರಿಂದ ಸ್ಪಷ್ಟವಾಯಿತು.

ಅದೇ ವರ್ಷ ಇಟಲಿಯಲ್ಲಿ ಜೊವಾನಿ ಬತ್ತಿಸ್ತಾ ಗ್ರಾಸ್ಸಿ ಮತ್ತು ಅವರ ಸಹೋದ್ಯೋಗಿಗಳು ಮಾನವ ಮಲೇರಿಯಾವು ಅನಾಫಿಲಿಸ್ ಸೊಳ್ಳೆಯಿಂದ ಹರಡುವುದನ್ನು ನಿರೂಪಿಸಿದರು. ಸಂಶೋಧನೆಯ ಮೊದಲಿಗರು ಯಾರೆಂಬ ವಿಷಯದಲ್ಲಿ ರಾಸ್ ಮತ್ತು ಗ್ರಾಸ್ಸಿ ನಡುವೆ ಉಂಟಾದ ಕಹಿ ವಿವಾದವು ಹಲವು ವರ್ಷ ಮುಂದುವರಿಯಿತು.

ಸೊಳ್ಳೆ ದಳಗಳು

1899ರಲ್ಲಿ ರಾಸ್ ಅವರು ಭಾರತವನ್ನು ತೊರೆದು, ಆಗಷ್ಟೇ ಆರಂಭವಾಗಿದ್ದ ಲಿವರ್‌ಪೂಲ್ ಉಷ್ಣವಲಯ ವೈದ್ಯಕೀಯ ಶಾಲೆಯಲ್ಲಿ ಅಧ್ಯಾಪಕರಾದರು. ಅದೇ ವರ್ಷ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ಗೆ ಹೋಗಿ ಅಲ್ಲಿನ ಫ್ರೀಟೌನ್ ಪಟ್ಟಣದಲ್ಲಿ ಅನಾಫಿಲಿಸ್ ಸೊಳ್ಳೆಗಳು ಮರಿ ಮಾಡುವ ತಾಣಗಳನ್ನು ಗುರುತಿಸಿದರು. ಮನೆಗಳ ಸುತ್ತ ಬಿದ್ದಿದ್ದ ತಗಡಿನ ಡಬ್ಬಿ, ಒಡೆದ ಸೀಸೆ ಮತ್ತು ಪೀಪಾಯಿಗಳಲ್ಲಿ ಇತರ ಜಾತಿಯ ಸೊಳ್ಳೆಗಳು ಬೆಳೆಯುತ್ತಿದ್ದವು. ಮಲೇರಿಯಾ ಹರಡುವ ಅನಾಫಿಲಿಸ್ ಮರಿಗಳಾದರೋ ರಸ್ತೆಬದಿಯ ಮಳೆನೀರಿನ ಹೊಂಡಗಳಲ್ಲಿ ಹೆಚ್ಚಾಗಿ ಸಿಕ್ಕವು. ಯಾವ ಸೊಳ್ಳೆ ಎಲ್ಲಿ ಬೆಳೆಯುತ್ತದೆ ಎಂಬ ಈ ವ್ಯತ್ಯಾಸವೇ ಮುಂದಿನ ಕಾರ್ಯಕ್ರಮಗಳಿಗೆ ತಳಹದಿಯಾಯಿತು.

1901ರಲ್ಲಿ ಖಾಸಗಿ ದೇಣಿಗೆಯ ನೆರವಿನಿಂದ ರಾಸ್ ಅವರು ಡಾ. ಲೋಗನ್ ಟೇಲರ್ ಅವರೊಂದಿಗೆ ಫ್ರೀಟೌನ್‌ಗೆ ಮರಳಿ ಸೊಳ್ಳೆ ದಳವನ್ನು ಕಟ್ಟಿದರು. ಒಂದು ತಂಡವು ಮನೆ ಮನೆಗೆ ಹೋಗಿ ಅಂಗಳದ ಡಬ್ಬಿ, ಸೀಸೆಗಳನ್ನು ಗಾಡಿಯಲ್ಲಿ ತುಂಬಿ ಸಾಗಿಸುತ್ತಿತ್ತು. ಇನ್ನೊಂದು ತಂಡವು ರಸ್ತೆಯ ಹೊಂಡಗಳನ್ನು ಮುಚ್ಚಿ, ಚರಂಡಿ ತೋಡಿ, ನೀರು ಹರಿದುಹೋಗುವಂತೆ ಮಾಡುತ್ತಿತ್ತು. ಖಾಲಿ ಮಾಡಲಾಗದ ನೀರಿನ ಮೇಲೆ ಎಣ್ಣೆ ಸುರಿಯಲಾಗುತ್ತಿತ್ತು. ಸೊಳ್ಳೆಯ ಮರಿಗಳು ಉಸಿರಾಟಕ್ಕಾಗಿ ನೀರಿನ ಮೇಲ್ಮೈಗೆ ಬರಬೇಕಾಗುತ್ತದೆ; ಎಣ್ಣೆಯ ತೆಳುಪದರವು ಅದಕ್ಕೆ ಅಡ್ಡಿಯಾಗಿ ಅವು ಸಾಯುತ್ತವೆ. ಮೊಟ್ಟೆಯಿಂದ ಸೊಳ್ಳೆಯಾಗಲು ಉಷ್ಣಪ್ರದೇಶಗಳಲ್ಲಿ ಸುಮಾರು ಒಂದು ವಾರ ಅಥವಾ ಸ್ವಲ್ಪ ಹೆಚ್ಚು ಕಾಲ ಸಾಕಾಗುವುದರಿಂದ ಈ ಕೆಲಸವನ್ನು ಮತ್ತೆ ಮತ್ತೆ ಮಾಡಬೇಕಾಗುತ್ತಿತ್ತು.

ಈ ಅನುಭವಗಳನ್ನು ಆಧರಿಸಿ ಸೊಳ್ಳೆ ದಳಗಳನ್ನು ಸಂಘಟಿಸುವ ವಿಧಾನದ ಕುರಿತು ಇವರು ಬರೆದ ಚಿಕ್ಕ ಕೈಪಿಡಿ 1902ರಲ್ಲಿ ಪ್ರಕಟವಾಯಿತು. ಇದು ವಿದ್ವಾಂಸರಿಗಿಂತ ಹೆಚ್ಚಾಗಿ ಪಟ್ಟಣಗಳ ಆರೋಗ್ಯಾಧಿಕಾರಿಗಳನ್ನೂ ಆಸಕ್ತ ನಾಗರಿಕರನ್ನೂ ಉದ್ದೇಶಿಸಿದ ಪುಸ್ತಕ. ಇಡೀ ಖಂಡದ ಸೊಳ್ಳೆಗಳನ್ನು ನಾಶ ಮಾಡುವುದು ಗುರಿಯಲ್ಲ, ತಾವಿರುವ ಪಟ್ಟಣದಲ್ಲಿ ಅವುಗಳನ್ನು ಸಾಧ್ಯವಾದಷ್ಟು ತಗ್ಗಿಸುವುದು ಮಾತ್ರ ಗುರಿ ಎಂಬುದನ್ನು ಇದರಲ್ಲಿ ಸ್ಪಷ್ಟಪಡಿಸಿದ್ದಾರೆ. ಎಲ್ಲ ತಾಣಗಳನ್ನೂ ಸರಿಪಡಿಸಲಾಗದಿದ್ದರೂ ಸಾಧ್ಯವಾದಷ್ಟನ್ನು ಸರಿಪಡಿಸಬೇಕು. ದೂರದಿಂದ ಗಾಳಿಗೆ ತೇಲಿ ಬರುವ ಸೊಳ್ಳೆಗಳನ್ನು ತಡೆಯಲಾಗದಿದ್ದರೂ ಊರೊಳಗೆ ಅವು ಹುಟ್ಟದಂತೆ ನೋಡಿಕೊಳ್ಳಬೇಕು ಎಂಬುದು ಪುಸ್ತಕದ ಮುಖ್ಯ ನಿಲುವು.

ಇಸ್ಮಾಯಿಲಿಯಾ ಮತ್ತು ಪನಾಮಾ

ಈಜಿಪ್ಟಿನ ಸೂಯೆಜ್ ಕಾಲುವೆಯ ದಡದಲ್ಲಿರುವ ಇಸ್ಮಾಯಿಲಿಯಾ ಪಟ್ಟಣಕ್ಕೆ ಸಿಹಿನೀರಿನ ಕಾಲುವೆ ಬಂದ ನಂತರ ಅಲ್ಲಿ ಮಲೇರಿಯಾ ತೀವ್ರವಾಗಿ ಹರಡಿತ್ತು. ಸೂಯೆಜ್ ಕಾಲುವೆ ಕಂಪನಿಯ ಆಹ್ವಾನದ ಮೇರೆಗೆ ರಾಸ್ ಅವರು 1902ರಲ್ಲಿ ಅಲ್ಲಿಗೆ ಭೇಟಿ ನೀಡಿ ನಿಯಂತ್ರಣ ಯೋಜನೆಯೊಂದನ್ನು ಸೂಚಿಸಿದರು. ಅದರಂತೆ ಪಟ್ಟಣದ ಹತ್ತಿರದ ಜೌಗು ಮತ್ತು ಹೊಂಡಗಳನ್ನು ಮುಚ್ಚಲಾಯಿತು ಇಲ್ಲವೇ ಬಸಿದು ಒಣಗಿಸಲಾಯಿತು. ಮನೆಗಳ ಕೊಳಚೆ ಗುಂಡಿಗಳಿಗೆ ಕ್ರಮವಾಗಿ ಎಣ್ಣೆ ಹಾಕಲು ಸಣ್ಣ ತಂಡವೊಂದನ್ನು ನೇಮಿಸಲಾಯಿತು. ಕ್ವಿನೈನ್ ಹಂಚಿಕೆಯೂ ಜೊತೆಯಲ್ಲಿ ನಡೆಯಿತು. 1901ರಲ್ಲಿ 1,990ರಷ್ಟಿದ್ದ ಮಲೇರಿಯಾ ಪ್ರಕರಣಗಳು 1903ರಲ್ಲಿ 214ಕ್ಕೂ, 1905ರಲ್ಲಿ 37ಕ್ಕೂ ಇಳಿದವು. ಸ್ಥಿರವಾದ ಹಣಕಾಸು, ಒಂದೇ ಆಡಳಿತದ ಅಧೀನದಲ್ಲಿದ್ದ ಚಿಕ್ಕ ಪಟ್ಟಣ ಮತ್ತು ಸುತ್ತಲಿನ ಒಣಭೂಮಿ ಈ ಯಶಸ್ಸಿಗೆ ಅನುಕೂಲವಾಗಿದ್ದವು.

ಅಮೆರಿಕದ ಸೇನಾ ವೈದ್ಯ ವಿಲಿಯಂ ಗೋರ್ಗಸ್ ಅವರು 1901ರಲ್ಲಿ ಕ್ಯೂಬಾದ ಹವಾನಾ ನಗರದಲ್ಲಿ ಇಂತಹದೇ ವಿಧಾನಗಳಿಂದ ಹಳದಿ ಜ್ವರವನ್ನು ಹತೋಟಿಗೆ ತಂದಿದ್ದರು. ಅವರು ಪನಾಮಾ ಕಾಲುವೆಯ ನಿರ್ಮಾಣ ಪ್ರದೇಶದ ಆರೋಗ್ಯ ಮುಖ್ಯಸ್ಥರಾದಾಗ, 1904ರಲ್ಲಿ ರಾಸ್ ಅವರು ಅಲ್ಲಿಗೆ ಭೇಟಿ ನೀಡಿ ಕೆಲಸವನ್ನು ವೀಕ್ಷಿಸಿದರು. ಒಂದು ಕಡೆ ಫಲಿಸಿದ ಉಪಾಯವನ್ನು ಇನ್ನೊಂದು ಕಡೆಯ ನೆಲ, ಮಳೆ ಮತ್ತು ಸೊಳ್ಳೆಯ ಜಾತಿಗೆ ತಕ್ಕಂತೆ ಮಾರ್ಪಡಿಸಿಕೊಳ್ಳುವ ಪದ್ಧತಿ ಇಂತಹ ಭೇಟಿಗಳ ಮೂಲಕ ಬೆಳೆಯಿತು.

ಮಿಯಾನ್ ಮೀರ್ ವಿವಾದ

ಎಲ್ಲ ಕಡೆಯೂ ಇಂತಹ ಫಲಿತಾಂಶ ಬರಲಿಲ್ಲ. ಲಾಹೋರಿನ ಸಮೀಪದ ಮಿಯಾನ್ ಮೀರ್ ಸೇನಾ ನೆಲೆಯಲ್ಲಿ ನೀರಾವರಿ ಕಾಲುವೆಗಳು ಮಲೇರಿಯಾಕ್ಕೆ ಎಡೆಮಾಡಿಕೊಟ್ಟಿದ್ದವು. 20ನೆಯ ಶತಮಾನದ ಆರಂಭದಲ್ಲಿ ಎಸ್. ಆರ್. ಕ್ರಿಸ್ಟೋಫರ್ಸ್ ಮತ್ತು ಎಸ್. ಪಿ. ಜೇಮ್ಸ್ ಮುಂತಾದ ವೈದ್ಯರು ಅಲ್ಲಿ ಸೊಳ್ಳೆಗಳ ತಾಣಗಳನ್ನು ನಾಶಪಡಿಸುವ ಪ್ರಯೋಗವನ್ನು ನಡೆಸಿದರು. ನಿರೀಕ್ಷಿಸಿದಷ್ಟು ಪ್ರಯೋಜನ ಕಂಡುಬರಲಿಲ್ಲವೆಂದು ಅವರು ವರದಿ ಮಾಡಿದರು. ಇದರಿಂದಾಗಿ ಭಾರತದ ಪರಿಸ್ಥಿತಿಯಲ್ಲಿ ಸೊಳ್ಳೆ ನಿಯಂತ್ರಣಕ್ಕಿಂತ ಕ್ವಿನೈನ್ ಹಂಚಿಕೆಯೇ ಮೇಲೆಂಬ ಅಭಿಪ್ರಾಯಕ್ಕೆ ಬಲ ಬಂದಿತು.

ರಾಸ್ ಅವರು ಈ ತೀರ್ಮಾನವನ್ನು ತೀವ್ರವಾಗಿ ವಿರೋಧಿಸಿದರು. ಪ್ರಯೋಗದ ಪ್ರದೇಶ ಬಹಳ ಚಿಕ್ಕದು, ಅವಧಿ ಕಡಿಮೆ, ಸೊಳ್ಳೆಗಳ ಸಂಖ್ಯೆಯನ್ನು ಮೊದಲೂ ಆಮೇಲೂ ಸರಿಯಾಗಿ ಅಳೆದಿಲ್ಲ ಎಂಬುದು ಅವರ ಆಕ್ಷೇಪಣೆಗಳಾಗಿದ್ದವು. ಪ್ರಯೋಗ ನಡೆಸಿದವರ ವಾದವೂ ನಿರಾಧಾರವಾಗಿರಲಿಲ್ಲ. ವಿಶಾಲವಾದ ನೀರಾವರಿ ಬಯಲಿನಲ್ಲಿ ಹೊರಗಿನಿಂದ ಸೊಳ್ಳೆಗಳು ಬರುತ್ತಲೇ ಇರುವಾಗ, ಲಭ್ಯವಿದ್ದ ಹಣದಲ್ಲಿ ಏನು ಸಾಧ್ಯ ಎಂಬುದು ಅವರ ಪ್ರಶ್ನೆಯಾಗಿತ್ತು. 1909ರಲ್ಲಿ ಸಿಮ್ಲಾದಲ್ಲಿ ನಡೆದ ಮಲೇರಿಯಾ ಸಮ್ಮೇಳನದ ವೇಳೆಗೂ ಈ ಚರ್ಚೆ ಮುಗಿದಿರಲಿಲ್ಲ. ಒಂದು ಊರಿನ ಸೋಲು ಅಥವಾ ಗೆಲುವನ್ನು ಬೇರೆ ಊರುಗಳಿಗೆ ಅನ್ವಯಿಸುವ ಮುನ್ನ ಎರಡು ಕಡೆಯ ಪರಿಸ್ಥಿತಿಗಳನ್ನೂ ಅಳತೆಗಳನ್ನೂ ಹೋಲಿಸಿ ನೋಡಬೇಕೆಂಬ ಪಾಠವನ್ನು ಈ ವಿವಾದ ಮುಂದಿಟ್ಟಿತು.

ಗಣಿತದ ಬಳಕೆ

ಇಂತಹ ಪ್ರಶ್ನೆಗಳಿಗೆ ಉತ್ತರವನ್ನು ರಾಸ್ ಅವರು ಗಣಿತದಲ್ಲಿ ಹುಡುಕಿದರು. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ನೀಡಿದ ಉಪನ್ಯಾಸದಲ್ಲಿ, ಹುಟ್ಟಿದ ಸ್ಥಳದಿಂದ ಸೊಳ್ಳೆಗಳು ಹೇಗೆ ಚದುರುತ್ತವೆ ಎಂಬುದನ್ನು ಲೆಕ್ಕಹಾಕಲು ಯತ್ನಿಸಿದರು. ಒಂದು ವೃತ್ತಾಕಾರದ ಪ್ರದೇಶದೊಳಗೆ ಸೊಳ್ಳೆಗಳು ಹುಟ್ಟದಂತೆ ಮಾಡಿದರೆ, ಅಂಚಿನಲ್ಲಿ ಹೊರಗಿನ ಸೊಳ್ಳೆಗಳು ಬರುತ್ತಿದ್ದರೂ ನಡುವಿನ ಕಡೆಗೆ ಹೋದಂತೆ ಅವುಗಳ ಸಂಖ್ಯೆ ಇಳಿಯುತ್ತದೆ. ಆದುದರಿಂದ ಪ್ರದೇಶವು ಸಾಕಷ್ಟು ವಿಸ್ತಾರವಾಗಿರದಿದ್ದರೆ ಕೆಲಸದ ಫಲ ಕಾಣಿಸುವುದಿಲ್ಲ. ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಅವರು 1905ರಲ್ಲಿ ಯಾದೃಚ್ಛಿಕ ನಡಿಗೆಯ ಸಮಸ್ಯೆಯನ್ನು ವಿದ್ವಾಂಸರ ಮುಂದಿಡಲು ರಾಸ್ ಅವರು ಎತ್ತಿದ ಈ ಪ್ರಶ್ನೆಯೇ ಪ್ರೇರಣೆಯಾಗಿತ್ತು.

1907ರ ಕೊನೆಯಲ್ಲಿ ರಾಸ್ ಅವರು ಮಾರಿಷಸ್ ದ್ವೀಪಕ್ಕೆ ತೆರಳಿ ಅಲ್ಲಿನ ಮಲೇರಿಯಾ ಕುರಿತು ಸಮೀಕ್ಷೆ ನಡೆಸಿದರು. ಮಕ್ಕಳಲ್ಲಿ ಗುಲ್ಮ ಊದಿಕೊಂಡಿರುವ ಪ್ರಮಾಣವನ್ನು ರೋಗದ ವ್ಯಾಪ್ತಿಯ ಅಳತೆಗೋಲಾಗಿ ಬಳಸಿದರು. ಪ್ರಯೋಗಾಲಯದ ಅಗತ್ಯವಿಲ್ಲದ ಈ ಪರೀಕ್ಷೆಯಿಂದ ಊರೂರುಗಳನ್ನು ಹೋಲಿಸಲು ಸಾಧ್ಯವಾಯಿತು. 1908ರಲ್ಲಿ ಪ್ರಕಟವಾದ ವರದಿಯಲ್ಲಿ ಸೊಳ್ಳೆಗಳ ಸಂಖ್ಯೆ ಮತ್ತು ರೋಗ ಹರಡುವಿಕೆಯ ನಡುವಣ ಸಂಬಂಧವನ್ನು ಸಮೀಕರಣದ ರೂಪದಲ್ಲಿ ತೋರಿಸಿದರು. ಮಲೇರಿಯಾ ಅಳಿಯಬೇಕಾದರೆ ಕೊನೆಯ ಸೊಳ್ಳೆಯವರೆಗೂ ಕೊಲ್ಲಬೇಕಾಗಿಲ್ಲ. ಅವುಗಳ ಸಂಖ್ಯೆಯನ್ನು ಒಂದು ಮಿತಿಗಿಂತ ಕೆಳಕ್ಕೆ ಇಳಿಸಿದರೆ ರೋಗ ತಾನಾಗಿ ಕ್ಷೀಣಿಸುತ್ತದೆ ಎಂಬುದು ಅದರ ತಾತ್ಪರ್ಯ. ಸಾಂಕ್ರಾಮಿಕ ರೋಗಗಳ ಗಣಿತೀಯ ಅಧ್ಯಯನದಲ್ಲಿ ಇದನ್ನು ಮೂಲಭೂತ ಕೊಡುಗೆಯೆಂದು ಪರಿಗಣಿಸಲಾಗುತ್ತದೆ.

ಅನುಭವಗಳ ಸಂಕಲನ

1910ರಲ್ಲಿ ಪ್ರಕಟವಾದ ಮಲೇರಿಯಾ ತಡೆಗಟ್ಟುವಿಕೆಯನ್ನು ಕುರಿತ ಇವರ ಬೃಹದ್ಗ್ರಂಥವು ವೈಜ್ಞಾನಿಕ ವಿವರಣೆ, ಗಣಿತ ಮತ್ತು ಆಡಳಿತಾತ್ಮಕ ಸಲಹೆಗಳನ್ನು ಒಳಗೊಂಡಿದೆ. ಅದರ ಒಂದು ಭಾಗವನ್ನು ಬೇರೆ ಬೇರೆ ದೇಶಗಳಲ್ಲಿ ನಿಯಂತ್ರಣ ಕಾರ್ಯದಲ್ಲಿ ತೊಡಗಿದ್ದವರೇ ಬರೆದಿದ್ದಾರೆ. ಪನಾಮಾದಿಂದ ಗೋರ್ಗಸ್, ಮಲಯದಿಂದ ಮಾಲ್ಕಮ್ ವಾಟ್ಸನ್, ಇಟಲಿಯಿಂದ ಆಂಜೆಲೊ ಚೆಲ್ಲಿ ಇವರಲ್ಲಿ ಕೆಲವರು. ವಾಟ್ಸನ್ ಅವರು 1901ರಿಂದ ಮಲಯದ ಕ್ಲಾಂಗ್ ಮತ್ತು ಪೋರ್ಟ್ ಸ್ವೆಟನ್‌ಹ್ಯಾಮ್ ಪಟ್ಟಣಗಳಲ್ಲಿ ಜೌಗುನೆಲವನ್ನು ಬಸಿದು ಮಲೇರಿಯಾವನ್ನು ತಗ್ಗಿಸಿದ್ದರು. ಆದರೆ ಬೆಟ್ಟಪ್ರದೇಶದ ತೋಟಗಳಲ್ಲಿ ಬಿಸಿಲು ಬೀಳುವ ಶುದ್ಧವಾದ ತೊರೆಗಳಲ್ಲಿ ಬೇರೆ ಜಾತಿಯ ಅನಾಫಿಲಿಸ್ ಬೆಳೆಯುತ್ತಿತ್ತು. ತಗ್ಗುನೆಲದಲ್ಲಿ ಫಲ ನೀಡಿದ ಉಪಾಯ ಅಲ್ಲಿ ನಡೆಯಲಿಲ್ಲವಾದ್ದರಿಂದ ಬೇರೆ ಕ್ರಮಗಳನ್ನು ಕಂಡುಕೊಳ್ಳಬೇಕಾಯಿತು. ಇಂತಹ ಅನುಭವಗಳು ಒಂದೆಡೆ ದೊರೆತದ್ದು ಕ್ಷೇತ್ರದಲ್ಲಿ ದುಡಿಯುವವರಿಗೆ ಉಪಯುಕ್ತವಾಯಿತು.

ಕೊನೆಯ ವರ್ಷಗಳು

1911ರಲ್ಲಿ ಇವರಿಗೆ ನೈಟ್ ಪದವಿ ಲಭಿಸಿತು. 1912ರಲ್ಲಿ ಲಿವರ್‌ಪೂಲನ್ನು ಬಿಟ್ಟು ಲಂಡನ್ನಿನಲ್ಲಿ ನೆಲೆಸಿದರು. ಮೊದಲ ಮಹಾಯುದ್ಧದ ಆರಂಭದಲ್ಲಿಯೇ, 1914ರ ಆಗಸ್ಟ್ ತಿಂಗಳಲ್ಲಿ, ಹಿರಿಯ ಮಗ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಮಡಿದರು. ಯುದ್ಧಕಾಲದಲ್ಲಿ ರಾಸ್ ಅವರು ಬ್ರಿಟಿಷ್ ಸೇನೆಗೆ ಮಲೇರಿಯಾ ಸಲಹೆಗಾರರಾಗಿ ಸೇವೆ ಸಲ್ಲಿಸಿದರು. 1923ರಲ್ಲಿ ಇವರ ಆತ್ಮಕಥನ ಪ್ರಕಟವಾಯಿತು.

ರಾಸ್ ಅವರು ನಿಷ್ಠುರ ಸ್ವಭಾವದವರಾಗಿದ್ದರು. ತಮ್ಮ ಕೆಲಸಕ್ಕೆ ಸರ್ಕಾರದಿಂದ ತಕ್ಕ ಮನ್ನಣೆಯಾಗಲಿ ಪ್ರತಿಫಲವಾಗಲಿ ದೊರೆಯಲಿಲ್ಲವೆಂಬ ಅಸಮಾಧಾನವನ್ನು ಬಹಿರಂಗವಾಗಿ ವ್ಯಕ್ತಪಡಿಸುತ್ತಿದ್ದರು. ಗುರುವಿನಂತಿದ್ದ ಮ್ಯಾನ್ಸನ್ ಅವರೊಡನೆಯೂ ಮುಂದೆ ಸಂಬಂಧ ಹಳಸಿತು. 1928ರಲ್ಲಿ ಇವರು ತಮ್ಮ ಪತ್ರಗಳನ್ನೂ ದಾಖಲೆಗಳನ್ನೂ ಮಾರಾಟಕ್ಕಿಟ್ಟರು. ಅವುಗಳ ಬಹುಭಾಗ ಈಗ ಲಂಡನ್ ಮತ್ತು ಗ್ಲಾಸ್ಗೋ ನಗರಗಳ ಸಂಗ್ರಹಗಳಲ್ಲಿದೆ.

1926ರಲ್ಲಿ ಇವರ ಗೌರವಾರ್ಥ ಲಂಡನ್ನಿನ ಪಟ್ನಿಯಲ್ಲಿ ರಾಸ್ ಸಂಸ್ಥೆ ಮತ್ತು ಉಷ್ಣವಲಯ ರೋಗಗಳ ಆಸ್ಪತ್ರೆ ಆರಂಭವಾಯಿತು. ಉಷ್ಣದೇಶಗಳ ತೋಟ ಮತ್ತು ಗಣಿಗಳಲ್ಲಿ ಮಲೇರಿಯಾ ನಿಯಂತ್ರಣಕ್ಕೆ ಸಲಹೆ ನೀಡುವುದು ಅದರ ಮುಖ್ಯ ಕಾರ್ಯಗಳಲ್ಲಿ ಒಂದಾಗಿತ್ತು. ಮಾಲ್ಕಮ್ ವಾಟ್ಸನ್ ಅವರು ಈ ವಿಭಾಗವನ್ನು ಮುನ್ನಡೆಸಿದರು. ಪತ್ನಿ ರೋಸಾ 1931ರಲ್ಲಿ ನಿಧನರಾದರು. ಮರುವರ್ಷ ಸೆಪ್ಟೆಂಬರ್ 16ರಂದು ರಾಸ್ ಅವರು ತಮ್ಮ ಹೆಸರಿನ ಸಂಸ್ಥೆಯಲ್ಲಿಯೇ ಕೊನೆಯುಸಿರೆಳೆದರು. 1934ರಲ್ಲಿ ಈ ಸಂಸ್ಥೆಯು ಲಂಡನ್ನಿನ ನೈರ್ಮಲ್ಯ ಮತ್ತು ಉಷ್ಣವಲಯ ವೈದ್ಯಕೀಯ ಶಾಲೆಯೊಂದಿಗೆ ವಿಲೀನಗೊಂಡಿತು.

ಸ್ಮರಣೆ ಮತ್ತು ಪ್ರಭಾವ

ಪ್ರತಿವರ್ಷ ಆಗಸ್ಟ್ 20ನ್ನು ವಿಶ್ವ ಸೊಳ್ಳೆ ದಿನವನ್ನಾಗಿ ಆಚರಿಸಲಾಗುತ್ತದೆ. ಕಲ್ಕತ್ತಾದ ಪ್ರೆಸಿಡೆನ್ಸಿ ಜನರಲ್ ಆಸ್ಪತ್ರೆಯ ಬಳಿ ನಿರ್ಮಿಸಲಾದ ಸ್ಮಾರಕ ದ್ವಾರವನ್ನು 1927ರಲ್ಲಿ ರಾಸ್ ಅವರ ಉಪಸ್ಥಿತಿಯಲ್ಲಿಯೇ ಅನಾವರಣಗೊಳಿಸಲಾಯಿತು. ಬೇಗಂಪೇಟೆಯಲ್ಲಿ ಇವರು ಸಂಶೋಧನೆ ನಡೆಸಿದ ಕಟ್ಟಡಕ್ಕೆ ಇವರ ಹೆಸರನ್ನಿಡಲಾಗಿದೆ.

ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಮುಂತಾದ ಕೀಟನಾಶಕಗಳು ಬಳಕೆಗೆ ಬಂದು, ತಾಣಗಳನ್ನು ನಾಶಪಡಿಸುವ ಹಳೆಯ ಕ್ರಮವು ಹಿಂದೆ ಸರಿಯಿತು. ಸೊಳ್ಳೆಗಳು ಕೀಟನಾಶಕಗಳಿಗೆ ನಿರೋಧಶಕ್ತಿ ಬೆಳೆಸಿಕೊಂಡ ಮೇಲೆ ಅದಕ್ಕೆ ಮತ್ತೆ ಮಹತ್ವ ಬಂದಿದೆ. ಡೆಂಗಿ ಮತ್ತು ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಯು ಮನೆಯ ತೊಟ್ಟಿ, ಡ್ರಮ್ಮು, ಹಳೆಯ ಟೈರು ಮತ್ತು ಹೂಕುಂಡದ ತಟ್ಟೆಗಳಲ್ಲಿ ಮರಿ ಮಾಡುತ್ತದೆ. ಕರ್ನಾಟಕವೂ ಸೇರಿದಂತೆ ಭಾರತದ ಹಲವೆಡೆ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ಲಾರ್ವಾ ಸಮೀಕ್ಷೆ ನಡೆಸುತ್ತಾರೆ. ನೀರಿನ ಪಾತ್ರೆಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ ತಿಕ್ಕಿ ಒಣಗಿಸುವಂತೆ ತಿಳಿಸುತ್ತಾರೆ. ಈ ಕಾರ್ಯವಿಧಾನವು ಸೊಳ್ಳೆ ದಳಗಳ ಕಾಲದಲ್ಲಿ ರೂಪುಗೊಂಡ ಕ್ರಮದ ಮುಂದುವರಿಕೆಯಾಗಿದೆ. ಕೆಲಸವು ನಿಂತ ಕೆಲವೇ ವಾರಗಳಲ್ಲಿ ಸೊಳ್ಳೆಗಳು ಮರಳಿ ಬರುವುದರಿಂದ, ಅದಕ್ಕೆ ಬೇಕಾದ ಜನ, ಹಣ ಮತ್ತು ಲೆಕ್ಕಾಚಾರ ನಿರಂತರವಾಗಿರಬೇಕೆಂಬ ಇವರ ವಾದ ಇಂದಿಗೂ ಪ್ರಸ್ತುತವಾಗಿದೆ.